ಫ್ರೀಬಿಎಸ್‌ಡಿ ಕಳಿಸುವ ದಿನದ ಮೇಲ್: ನಾಲ್ಕು ವರ್ಷ ಬಳಸಿದ ಮೇಲೆ

ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ನನ್ನ ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ, ತೆಗೆದ ಫೋಟೋ ಅಷ್ಟೂ ಒಂದು ಹಳೇ ಡೆಸ್ಕ್‌ಟಾಪಿನಲ್ಲಿದೆ. ಅದರಲ್ಲಿ ಓಡುವುದು ಫ್ರೀಬಿಎಸ್‌ಡಿ, ವಿಂಡೋಸ್ ಥರದ್ದೇ ಆದರೆ ಉಚಿತವಾದ ಆಪರೇಟಿಂಗ್ ಸಿಸ್ಟಂ. ಫೋಟೋ ಇರುವುದು ಝಡ್‌ಎಫ್‌ಎಸ್ ಪೂಲಿನಲ್ಲಿ, ಅಂದರೆ ಒಂದೇ ಫೈಲನ್ನು ಎರಡರಲ್ಲೂ ಇಡುವ ಜೋಡಿ ಡಿಸ್ಕಿನಲ್ಲಿ. ಕಾಸು ಕೊಟ್ಟು ಕೊಂಡಿದ್ದು ಡಿಸ್ಕ್ ಮಾತ್ರ.

ರಾತ್ರಿ 3 ಗಂಟೆ 1 ನಿಮಿಷಕ್ಕೆ ಅದರಲ್ಲಿನ ಪೀರಿಯಾಡಿಕ್ ಎಂಬ ಪ್ರೋಗ್ರಾಂ ಓಡಿ, ಯಂತ್ರದ ಸ್ಥಿತಿಗತಿಯೆಲ್ಲ ರೂಟ್‌ಗೆ, ಅಂದರೆ ಯಂತ್ರದ ಯಜಮಾನ ಖಾತೆಗೆ, ಮೇಲ್ ಮಾಡುತ್ತದೆ. ಯಾರ ಮೇಲ್ ಯಾರಿಗೆ ಹೋಗಬೇಕೆಂದು ಹೇಳುವ ಏಲಿಯಾಸಸ್ ಫೈಲಿನಲ್ಲಿ ರೂಟ್ ಎದುರು ನನ್ನ ವಿಳಾಸ ಬರೆದೆ, ಫೋನಿಗೇ ಬರತೊಡಗಿತು. ಮೊದಲ ವಾರ ಪೂರ್ತಿ ಓದಿದೆ. ಆಮೇಲೆ ತೆರೆಯುವುದೇ ಬಿಟ್ಟೆ. ದಿನಾ ಅದೇ ಉದ್ದ, ಅದೇ ಸಾಲು. ಬೇಕಾದ್ದು ಎಲ್ಲೋ ನಡುವೆ ಹುದುಗಿರುತ್ತಿತ್ತು.

ಪೀರಿಯಾಡಿಕ್‌ನ ಸೆಟ್ಟಿಂಗ್ ಫೈಲು ಪೀರಿಯಾಡಿಕ್ ಡಾಟ್ ಕಾನ್ಫ್‌ನಲ್ಲಿ 'ಶೋ ಸಕ್ಸೆಸ್', 'ಶೋ ಇನ್ಫೋ' ಎರಡಕ್ಕೂ 'ನೋ' ಹಾಕಿದೆ. ಇಷ್ಟು ಫೈಲ್ ನೋಡಿದೆ, ಹೇಳುವಂಥದ್ದೇನೂ ಇಲ್ಲ ಎಂಬ ಒಂದೇ ಸಾಲಿನ ಮೇಲ್ ಬರತೊಡಗಿತು. ಎಷ್ಟು ಹಾಯಾಯಿತೆಂದರೆ, ಗೊತ್ತಿದ್ದವರಿಗೆಲ್ಲ ಹೀಗೇ ಮಾಡಿ ಅಂತ ಹೇಳಿದೆ.

ಅವರೆಲ್ಲರಿಗೂ ಈಗ ಹೇಳಬೇಕಾದ್ದು ಬೇರೆಯೇ ಇದೆ. ಒಂದು ದಿನ ಗುಬ್ಬಿ ಕಡೆಯ ಒಬ್ಬರು ಬಂದರು. ಅವರ ಅಜ್ಜ ತೀರಿಕೊಂಡಿದ್ದರು. ಮೂರು ವರ್ಷದ ಹಿಂದಿನ ಮದುವೆಯಲ್ಲಿ ತೆಗೆದ ಫೋಟೋ ಬೇಕಿತ್ತು. ಫೋಲ್ಡರ್ ತೆರೆಯಲು ಯಾಕೋ ತಡವಾಯಿತು. ಅನುಮಾನ ಬಂದು ಪೂಲ್ ಹೇಗಿದೆ ಎಂದು ತೋರಿಸುವ ಝಡ್‌ಪೂಲ್ ಸ್ಟೇಟಸ್ ಕಮಾಂಡ್ ಕೊಟ್ಟರೆ 'ಡಿಗ್ರೇಡೆಡ್'. ಜೋಡಿಯಲ್ಲಿ ಒಂದು ಡಿಸ್ಕ್ ಹೋಗಿ ಹನ್ನೊಂದು ದಿನವಾಗಿತ್ತು. ಅಷ್ಟೂ ದಿನ ಮೇಲ್ 'ಏನೂ ಇಲ್ಲ' ಎಂದೇ ಹೇಳಿತ್ತು. ಫೋಟೋ ಸಿಕ್ಕಿತು, ಕೊಟ್ಟೆ. ಅವರು ಹೋದ ಮೇಲೂ ನನ್ನ ಕೈ ನಡುಗುತ್ತಿತ್ತು.

ರಾತ್ರಿ ಕೂತು, ಪೀರಿಯಾಡಿಕ್ ಒಂದೊಂದಾಗಿ ಓಡಿಸುವ ಚಿಕ್ಕ ಪ್ರೋಗ್ರಾಂಗಳನ್ನು, ಅಂದರೆ ಸ್ಕ್ರಿಪ್ಟ್‌ಗಳನ್ನು, ತೆರೆದು ಓದಿದೆ. ಪ್ರತಿ ಸ್ಕ್ರಿಪ್ಟೂ ಮುಗಿಯುವಾಗ ಒಂದು ಸಂಖ್ಯೆ ಕೊಡುತ್ತದೆ. 0 ಅಂದರೆ ವಿಶೇಷವಿಲ್ಲ (ಸಕ್ಸೆಸ್), 1 ಅಂದರೆ ಗಮನಿಸುವ ಮಾಹಿತಿ (ಇನ್ಫೋ), 2 ಅಂದರೆ ಸೆಟ್ಟಿಂಗ್ ತಪ್ಪು. ಅದಕ್ಕೂ ಮೇಲಿನದು ದೋಷ, ಅದನ್ನು ಮುಚ್ಚಿಡಲು ಬರುವುದಿಲ್ಲ. ಝಡ್‌ಎಫ್‌ಎಸ್ ನೋಡುವ ಸ್ಕ್ರಿಪ್ಟ್ ಪೂಲ್ ಕೆಟ್ಟಿದ್ದರೂ ಕೊಡುವುದು 1! ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂಬ ಮಾಮೂಲಿ ಪಟ್ಟಿಗೂ ಅದೇ 1. ಇನ್ಫೋ ಬೇಡ ಅಂದಾಗ ಎರಡೂ ಒಟ್ಟಿಗೇ ಮರೆಯಾಗಿದ್ದವು. ಡಿಸ್ಕ್ ಸತ್ತ ಸುದ್ದಿಯೂ ಜಾಗದ ಲೆಕ್ಕವೂ ಒಂದೇ ದರ್ಜೆಯದ್ದು ಎಂಬುದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ಆದರೆ ಫ್ರೀಬಿಎಸ್‌ಡಿ ಬಿಟ್ಟುಹೋಗಲಿಲ್ಲ. ಸ್ಕ್ರಿಪ್ಟನ್ನು ಹೀಗೆ ತೆರೆದು ಓದಿ ಕಾರಣ ಹುಡುಕಲು ಬಂದದ್ದೇ ದೊಡ್ಡದು. ಸಕ್ಸೆಸ್, ಇನ್ಫೋ ಎರಡನ್ನೂ ಮತ್ತೆ 'ಯೆಸ್' ಮಾಡಿ, ಬೇಡದವನ್ನು ಒಂದೊಂದಾಗಿ ನಿಲ್ಲಿಸಿದೆ: ನೆಟ್‌ವರ್ಕ್, ಮೇಲ್ ಕ್ಯೂ (ಹೋಗದೆ ಉಳಿದ ಮೇಲ್), ಅಪ್‌ಟೈಮ್ (ಯಂತ್ರ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬುದು). ಪೂಲ್ ನೋಡುವ 'ಡೈಲಿ ಸ್ಟೇಟಸ್ ಝಡ್‌ಎಫ್‌ಎಸ್' ತಾನಾಗಿ ಚಾಲೂ ಇರುವುದಿಲ್ಲ, ನನ್ನಲ್ಲಿ ಮೊದಲೇ ಚಾಲೂ ಇತ್ತು, ನೀವು ಅದಕ್ಕೆ 'ಯೆಸ್' ಹಾಕುವುದು ಮರೆಯಬೇಡಿ. ವಾರದ ವರದಿ ಮೇಲ್ ಬದಲು ಲಾಗ್ ಫೈಲಿಗೆ ಹೋಗುವಂತೆ ಮಾಡಿದೆ.

ಇನ್ನೊಂದು ತೊಡಕು ಕರೆಂಟಿನದು. ಬೆಳಗಿನ ಜಾವ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ 3 ಗಂಟೆಯ ಕೆಲಸ ತಪ್ಪಿತು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್, ಯಂತ್ರ ಎದ್ದ ಮೇಲೆ ಅದನ್ನು ಮತ್ತೆ ಓಡಿಸುವುದಿಲ್ಲ. ಅದರ ವೇಳಾಪಟ್ಟಿ ಕ್ರಾನ್‌ಟ್ಯಾಬ್‌ನಲ್ಲಿ ಸಮಯವನ್ನೇ ಬೆಳಿಗ್ಗೆ 10 ಗಂಟೆ 5 ನಿಮಿಷಕ್ಕೆ ತಂದೆ.

ಈಗ ಶಟರ್ ಎತ್ತಿ, ಬಾಗಿಲಿಗೆ ನೀರು ಹಾಕಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ ಕೂರುವಷ್ಟರಲ್ಲಿ ಫೋನ್ ಗುನುಗುತ್ತದೆ. ಮೇಲ್ ಒಂದೇ ಪರದೆಯಷ್ಟು. ಬೆರಳಿಟ್ಟು 'ಆಲ್ ಪೂಲ್ಸ್ ಆರ್ ಹೆಲ್ದಿ' ಅನ್ನುವ ಸಾಲು ಓದುತ್ತೇನೆ, ಆಮೇಲೇ ಕಾಫಿ. ಕಾಲು ಗಂಟೆ ಕಳೆದರೂ ಮೇಲ್ ಬರದಿದ್ದರೆ ನಮ್ಮ ಹುಡುಗನೇ ಒಳಗಿಂದ ಕೂಗುತ್ತಾನೆ: "ಅಣ್ಣಾ, ಇವತ್ತು ಮೇಲ್ ಬಂದಿಲ್ಲ, ಡಬ್ಬ ನೋಡ್ಲಾ?"