ಬ್ರಿಟನ್‌ನಲ್ಲಿ ಹೋಟೆಲ್ ಕೆಲಸ ಮಾಡುತ್ತಿದ್ದೀರಾ? ಸರ್ವಿಸ್ ಚಾರ್ಜ್ ಯಾರ ಜೇಬಿಗೆ ಹೋಗುತ್ತಿದೆ ನೋಡಿಕೊಳ್ಳಿ

ಇಂಗ್ಲೆಂಡಿಗೆ ಓದಲು ಬಂದು ರೆಸ್ಟೋರೆಂಟ್‌ಗಳಲ್ಲಿ ಪಾರ್ಟ್ ಟೈಮ್ ಮಾಡುತ್ತಿರುವವರು ದಯವಿಟ್ಟು ಓದಿ. ಕೋಪದಲ್ಲೇ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಸಹಿಸಿಕೊಳ್ಳಿ.

ನಾನಿದ್ದ ಕಡೆ ಪ್ರತಿ ಬಿಲ್ಲಿನ ಕೆಳಗೂ 12.5% ಸರ್ವಿಸ್ ಚಾರ್ಜ್ ಅಂತ ಬೀಳುತ್ತಿತ್ತು. ಗಿರಾಕಿಗಳು ಅದೇ ಟಿಪ್ಸ್ ಅಂದುಕೊಂಡು ಕೈಗೆ ಬೇರೆ ಏನೂ ಕೊಡುತ್ತಿರಲಿಲ್ಲ. ಈಗೆಲ್ಲ ಕಾರ್ಡೇ ಅಲ್ವಾ, ಚಿಲ್ಲರೆ ಇಟ್ಟು ಹೋಗುವವರು ಎಲ್ಲಿ? ಒಂದು ಶನಿವಾರ ರಾತ್ರಿ ವಯಸ್ಸಾದ ಹೆಂಗಸೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನಿನಗೇ ಸಿಗುತ್ತಾ? ಇಲ್ಲಾಂದ್ರೆ ತೆಗೆಸಿ ನಿನ್ನ ಕೈಗೇ ಕೊಡ್ತೀನಿ" ಅಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮ್ಯಾನೇಜರ್ "ಪೂರ್ತಿ ಹುಡುಗರಿಗೇ ಹೋಗುತ್ತೆ ಮೇಡಂ" ಅಂದ. ಆಕೆ ಖುಷಿಯಾಗಿ ಕಾರ್ಡ್ ಮುಟ್ಟಿಸಿದರು. ನಾನು ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದೆ! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಪೇ ಸ್ಲಿಪ್‌ನಲ್ಲಿ ಗಂಟೆ ಲೆಕ್ಕದ ಸಂಬಳ ಬಿಟ್ಟು ಒಂದು ಪೆನ್ನಿ ಇರಲಿಲ್ಲ. ಮುಂದಿನ ತಿಂಗಳೂ ಅಷ್ಟೇ. ಕೇಳಿದೆ. ಬಂದ ಉತ್ತರಗಳನ್ನು ನೋಡಿ.

"ಅದು ಸರ್ವಿಸ್ ಚಾರ್ಜ್, ಟಿಪ್ಸ್ ಅಲ್ಲ."

ಮತ್ತೆ ಕೇಳಿದ್ದಕ್ಕೆ, "ಕಾರ್ಡ್ ಮಷೀನ್ ಕಮಿಷನ್, ಒಡೆದ ಗ್ಲಾಸು, ಎಲ್ಲಾ ಅದರಲ್ಲೇ ಹೋಗುತ್ತೆ."

ಆಮೇಲೆ, "ಅದು ಫುಲ್ ಟೈಮ್‌ನವರಿಗೆ ಮಾತ್ರ." ಅಡುಗೆಮನೆಯಲ್ಲಿ ಫುಲ್ ಟೈಮ್ ಇದ್ದವನನ್ನು ಕೇಳಿದರೆ ಅವನಿಗೂ ಸೊನ್ನೆ.

ಕೊನೆಗೆ ಓನರ್ ಬಂದು, "ನಮ್ಮ ಕಡೆಯವನು ಅಂತ ಕೆಲಸ ಕೊಟ್ಟೆ. ಸ್ಟೂಡೆಂಟ್ ವೀಸಾ ಅಲ್ವಾ ನಿಂದು? ಇದೆಲ್ಲ ಯಾಕೆ ನಿನಗೆ?" ಅಂದ. ಸ್ಟೂಡೆಂಟ್ ವೀಸಾದ ಮಿತಿಯಂತೆ ವಾರಕ್ಕೆ 20 ಗಂಟೆ ದಾಟದೆ ದುಡಿದವನಿಗೆ ವೀಸಾ ಹೆಸರಲ್ಲಿ ಹೆದರಿಕೆ! ನಮ್ಮ ಕಡೆಯವನಂತೆ!

ಇದರಲ್ಲಿ ಒಂದು ಮಾತೂ ನಿಜ ಅಲ್ಲ. ಇಲ್ಲಿ ಟಿಪ್ಸ್‌ಗೆ ಅಂತಲೇ 2023ರಲ್ಲಿ ಕಾನೂನು ಮಾಡಿದ್ದಾರೆ, 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸರ್ವಿಸ್ ಚಾರ್ಜ್ ಕೂಡ ಅದರೊಳಗೇ ಬರುತ್ತೆ. ತೆರಿಗೆಯಂಥದ್ದು ಬಿಟ್ಟರೆ ಪೂರ್ತಿ ಹಣ ಕೆಲಸದವರಿಗೇ ಹೋಗಬೇಕು. ಕಾರ್ಡ್ ಕಮಿಷನ್ ಅಂತ ಮುರಿಯುವ ಹಾಗಿಲ್ಲ, ಗ್ಲಾಸ್ ಒಡೆಯಿತು ಅಂತಲೂ ಇಲ್ಲ. ಗಿರಾಕಿ ಕೊಟ್ಟ ತಿಂಗಳಿನ ಮುಂದಿನ ತಿಂಗಳು ಮುಗಿಯುವುದರೊಳಗೆ ಕೈಗೆ ಬರಬೇಕು. ಪಾರ್ಟ್ ಟೈಮ್, ಏಜೆನ್ಸಿಯವರು, ಎಲ್ಲರೂ ಲೆಕ್ಕಕ್ಕೆ ಬರ್ತಾರೆ. ಅಡುಗೆಯವರ ಜೊತೆ ಹಂಚಿಕೊಳ್ಳಲಿ, ಬೇಡ ಅನ್ನಲ್ಲ. ಓನರ್ ನುಂಗುವುದಕ್ಕೆ ಮಾತ್ರ ಇಲ್ಲ. (ಉತ್ತರ ಐರ್ಲೆಂಡಿಗೆ ಈ ಕಾನೂನು ಅನ್ವಯಿಸಲ್ಲ, ಅಲ್ಲಿರುವವರು ಗಮನಿಸಿ.)

ಕೇಳುವುದಿದ್ದರೆ ಬಾಯಲ್ಲಿ ಕೇಳಬೇಡಿ, ಇಮೇಲ್ ಮಾಡಿ. ಎಷ್ಟು ಟಿಪ್ಸ್ ಬಂತು, ನನ್ನ ಪಾಲೆಷ್ಟು ಅಂತ ಬರೆದು ಕೇಳಿದರೆ ನಾಲ್ಕು ವಾರದೊಳಗೆ ಲೆಕ್ಕ ಕೊಡಬೇಕು. ಮೂರು ವರ್ಷದ ದಾಖಲೆ ಅವರು ಇಟ್ಟಿರಲೇಬೇಕು. ಹಣ ಕೊಡದಿದ್ದರೆ 12 ತಿಂಗಳೊಳಗೆ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ (ಕೆಲಸದ ತಕರಾರು ಕೇಳುವ ಕೋರ್ಟು) ಹೋಗಬಹುದು. ಅದಕ್ಕೆ ಮೊದಲು ಏಕಾಸ್ ಅನ್ನುವ ಸಂಸ್ಥೆಗೆ ತಿಳಿಸಬೇಕು, ಅವರು ಪುಕ್ಕಟೆ ರಾಜಿ ಮಾಡಿಸಲು ನೋಡ್ತಾರೆ. ನಷ್ಟಕ್ಕೆ 5,000 ಪೌಂಡ್‌ವರೆಗೆ ಪರಿಹಾರ ಕೊಡಿಸುವ ಅಧಿಕಾರ ಟ್ರಿಬ್ಯೂನಲ್‌ಗೆ ಇದೆ.

ನಾನೂ ಇಮೇಲ್ ಮಾಡಿದೆ. ಬಂದ ಉತ್ತರ: "ಲೆಕ್ಕ ಅಕೌಂಟೆಂಟ್ ಹತ್ತಿರ ಇದೆ." ಮುಂದಿನ ವಾರದ ರೋಟಾದಲ್ಲಿ (ಡ್ಯೂಟಿ ಪಟ್ಟಿ) ನನ್ನ ಹೆಸರೇ ಇಲ್ಲ. ಏಕಾಸ್‌ಗೆ ತಿಳಿಸಿದ ಮೇಲೆ ಮ್ಯಾನೇಜರ್ ಫೋನ್ ಮಾಡಿದ. ದನಿ ಬೆಣ್ಣೆ. "ಬಾರೋ, ಏನೋ ಒಂದಿಷ್ಟು ಕ್ಯಾಶ್ ಕೊಡ್ತೀನಿ. ಸುಮ್ನೆ ಮೇಲ್ ಗೀಲ್ ಎಲ್ಲ ಯಾಕೆ?" ಏನೋ ಒಂದಿಷ್ಟು ಬೇಡ, ಲೆಕ್ಕ ಕಳಿಸಿ ಅಂದೆ. ಫೋನ್ ಇಟ್ಟ.

ಲೆಕ್ಕ ಇನ್ನೂ ಬಂದಿಲ್ಲ, ನಾನು ಬಿಡುವುದೂ ಇಲ್ಲ. ಇಂಥ ಕಡೆ ಕೆಲಸ ಮಾಡುತ್ತಿರುವವರು ಪೇ ಸ್ಲಿಪ್, ರೋಟಾದ ಫೋಟೋ, ವಾಟ್ಸಾಪ್ ಮಾತುಕತೆ ಯಾವುದನ್ನೂ ಡಿಲೀಟ್ ಮಾಡಬೇಡಿ. ಕೆಲಸದ ಗ್ರೂಪಿನಿಂದ ನಿಮ್ಮನ್ನು ತೆಗೆಯುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನನ್ನನ್ನು ಅದೇ ರಾತ್ರಿ ತೆಗೆದರು.