ತರವಾಡು ಮನೆಯ ಬೇರು ಹುಡುಕಲು ಯಾವ ತಾಣ? ಭೂಮಿ, ಫ್ಯಾಮಿಲಿಸರ್ಚ್ ಮತ್ತು ಇನ್ನೆರಡು

ಮಂಗಳೂರು, ಉಡುಪಿ ಕಡೆಯವರು ತರವಾಡು ಮನೆಯ, ಅಂದರೆ ಮೂಲ ಕುಟುಂಬದ ಮನೆಯ ವಂಶಾವಳಿ ಹುಡುಕಲು ಹೊರಟರೆ ಹೆಚ್ಚಾಗಿ ಮೊದಲು ತೆರೆಯುವುದು ಯಾವುದಾದರೊಂದು ವಿದೇಶಿ ವಂಶವೃಕ್ಷ ತಾಣ. ಅಜ್ಜನ ಹೆಸರು ಹಾಕುತ್ತಾರೆ, ಏನೂ ಬರುವುದಿಲ್ಲ, ಅಲ್ಲಿಗೆ ಕೈಬಿಡುತ್ತಾರೆ. ಹುಡುಕಿದ ಜಾಗವೇ ತಪ್ಪು. ನಮ್ಮ ಕಡೆ ಹಿರಿಯರ ಹೆಸರು ಉಳಿದಿರುವುದು ಜಾಗದ ಕಾಗದದಲ್ಲಿ. ಹಾಗಾಗಿ ಈ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಒದಗುವ ಆನ್‌ಲೈನ್ ಸೇವೆ, ಈ ಕೆಲಸಕ್ಕೆಂದು ಕಟ್ಟಿಯೇ ಇಲ್ಲದ ಕಂದಾಯ ಇಲಾಖೆಯ ಜಮೀನು ದಾಖಲೆ ತಾಣ ‘ಭೂಮಿ’. ಕರಾವಳಿಯ ಕುಟುಂಬಗಳ ಮಟ್ಟಿಗೆ ಅದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು.

ಭೂಮಿಯಲ್ಲಿ ಆರ್‌ಟಿಸಿ (ಪಹಣಿ) ನೋಡಲು ದುಡ್ಡು ಬೇಡ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬ್ರ, ಸುರ್ನೋಕ್, ಹಿಸ್ಸಾ (ಸರ್ವೆ ನಂಬ್ರದ ಉಪಭಾಗಗಳು) ಎಂದು ಒಂದೊಂದಾಗಿ ಆರಿಸುತ್ತ ಹೋಗಬೇಕು. ತೊಡಕು ಶುರುವಾಗುವುದು ತಾಲೂಕಿನಲ್ಲೇ. ಹಳೆಯ ಕಾಗದದಲ್ಲಿ ‘ಉಡುಪಿ ತಾಲೂಕು’ ಎಂದಿದ್ದ ಗ್ರಾಮ ಈಗ ಬ್ರಹ್ಮಾವರದಲ್ಲೋ ಕಾಪುವಿನಲ್ಲೋ ಇರಬಹುದು. ಕುಂದಾಪುರದ್ದು ಬೈಂದೂರಿಗೆ, ಪುತ್ತೂರಿನದ್ದು ಕಡಬಕ್ಕೆ, ಮಂಗಳೂರಿನದ್ದು ಉಳ್ಳಾಲಕ್ಕೋ ಮುಲ್ಕಿಗೋ ಮೂಡುಬಿದಿರೆಗೋ ಹೋಗಿರಬಹುದು. ಗ್ರಾಮದ ಹೆಸರಿನ ಹಿಂದಿನ ಸಂಖ್ಯೆಯನ್ನೂ ಬಿಡಬಾರದು. ಉಡುಪಿಯ ಸುತ್ತ 76 ಬಡಗಬೆಟ್ಟು, 80 ಬಡಗಬೆಟ್ಟು ಎಂದು ಬೇರೆ ಬೇರೆ ಗ್ರಾಮಗಳೇ ಇವೆ. ಸಂಖ್ಯೆ ತಪ್ಪಿದರೆ ಪರದೆಯ ಮೇಲೆ ಇನ್ಯಾರದೋ ಮನೆತನ ಬರುತ್ತದೆ.

ಸರ್ವೆ ನಂಬ್ರವೇ ಗೊತ್ತಿಲ್ಲದಿದ್ದರೆ ‘ದಿಶಾಂಕ್’ ಆ್ಯಪ್ ಹಾಕಿಕೊಂಡು ಹಳೆಯ ಮನೆಯ ಅಂಗಳಕ್ಕೆ ಹೋಗಿ, ಫೋನಿನ ಲೊಕೇಶನ್ ಆನ್ ಮಾಡಿ ನಿಂತರೆ ಸಾಕು, ಕಾಲಡಿಯ ನೆಲದ ಸರ್ವೆ ನಂಬ್ರವನ್ನು ಅದು ತೋರಿಸುತ್ತದೆ. ತೋಟದ ಅಡಕೆ ಮರಗಳ ಅಡಿಯಲ್ಲಿ ಜಿಪಿಎಸ್ ಕೆಲವು ಮೀಟರ್ ಆಚೀಚೆ ಜಾರುವುದುಂಟು. ಬಯಲಲ್ಲಿ ನಿಂತು ನೋಡಿ, ಅಕ್ಕಪಕ್ಕದ ನಂಬ್ರಗಳನ್ನೂ ಬರೆದುಕೊಳ್ಳಿ.

ಆರ್‌ಟಿಸಿ ತೆರೆದಾಗ ಓದಬೇಕಾದದ್ದು ಮುಖ್ಯವಾಗಿ ಮೂರು ಕಾಲಂ. 9ರಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಜಾಗ ಅವರಿಗೆ ಬಂದ ರೀತಿ ಮತ್ತು ಮ್ಯುಟೇಶನ್ (ಹೆಸರು ಬದಲಾವಣೆ) ನಂಬ್ರ, 11ರಲ್ಲಿ ಹಕ್ಕು ಮತ್ತು ಋಣ. ಹೆಚ್ಚಿನವರು 9ನ್ನು ಮಾತ್ರ ನೋಡಿ ಮುಗಿಸುತ್ತಾರೆ. ವಂಶದ ಎಳೆ ಇರುವುದು 10ರಲ್ಲಿ. ಅಲ್ಲಿರುವ ಎಂಆರ್ (ಮ್ಯುಟೇಶನ್) ನಂಬ್ರ ಮತ್ತು ವರ್ಷವನ್ನು ಹಿಡಿದು ಮ್ಯುಟೇಶನ್ ವಿಭಾಗದಲ್ಲಿ ಹುಡುಕಿದರೆ ಯಾರ ಹೆಸರಿನಿಂದ ಯಾರ ಹೆಸರಿಗೆ, ಯಾವ ಕಾರಣಕ್ಕೆ ಹೋಯಿತೆಂಬುದು ಸಿಗುತ್ತದೆ. ‘ಪೌತಿ’ ಎಂದಿದ್ದರೆ ಅದು ತೀರಿಹೋದವರಿಂದ ವಾರಸುದಾರರಿಗೆ ಬಂದದ್ದು. ಪೌತಿ ಕಡತದಲ್ಲಿ ಮರಣ ಪ್ರಮಾಣಪತ್ರದ ಜತೆ ವಂಶವೃಕ್ಷವನ್ನೂ ಇಟ್ಟಿರುತ್ತಾರೆ. ಅದರ ನಕಲಿಗೆ ತಾಲೂಕು ಕಚೇರಿಯಲ್ಲಿ ಅರ್ಜಿ ಕೊಡಬೇಕು. ಕೈಯಲ್ಲಿ ಎಂಆರ್ ನಂಬ್ರ ಇದ್ದರೆ ಹುಡುಕುವವರಿಗೂ ಸುಲಭ.

ಇಲ್ಲೊಂದು ದೊಡ್ಡ ಗುಂಡಿ ಇದೆ, ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿಯ) ಮನೆಯವರು ಜಾಗ್ರತೆಯಿಂದ ದಾಟಬೇಕು. 9ನೇ ಕಾಲಂ ‘ಬಿನ್’ ಎಂದು ತಂದೆಯ ಹೆಸರನ್ನು, ‘ಕೋಂ’ ಎಂದು ಗಂಡನ ಹೆಸರನ್ನು ಬರೆಯುತ್ತದೆ. ಆದರೆ ಜಾಗ ನಡೆದದ್ದು ಸೋದರಮಾವನಿಂದ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ. ಹೀಗಾಗಿ ಒಂದೇ ಮನೆತನದ ಇಬ್ಬರು ಯಜಮಾನರಿಗೆ ಬೇರೆ ಬೇರೆ ತಂದೆಯ ಹೆಸರು ಕಾಣುತ್ತದೆ. ಅದನ್ನು ನೋಡಿ ‘ಜಾಗ ಹೊರಗಿನವರಿಗೆ ಮಾರಿಹೋಗಿದೆ’ ಎಂದು ತೀರ್ಮಾನಿಸಿಬಿಡುವವರಿದ್ದಾರೆ. ಬಿನ್ ಹಿಡಿದು ಮೇಲೆ ಹತ್ತಿದರೆ ತಲುಪುವುದು ತಂದೆಯ ಮನೆಗೆ. ಕುಟುಂಬದ ಮನೆಗೆ ಹೋಗಬೇಕಾದರೆ ತಾಯಿಯ ಹೆಸರು ಬೇಕು, ಅದು ಆರ್‌ಟಿಸಿಯಲ್ಲಿ ಇರುವುದಿಲ್ಲ.

ತಾಯಿಯ ಹೆಸರು ಸಿಗುವುದು ಪಾಲುಪಟ್ಟಿಯಲ್ಲಿ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳು (ಒಬ್ಬ ಹೆಂಗಸಿನಿಂದ ಹೆಣ್ಣಿನ ಕಡೆಯಲ್ಲಿ ಬೆಳೆದ ಕವಲುಗಳು) ಪಾಲು ಕೇಳಲು ಹಾದಿಯಾಯಿತು. ಹಾಗೆ ಆದ ಪಾಲುಪಟ್ಟಿಗಳಲ್ಲಿ ಒಂದೊಂದು ಕವರಿನಲ್ಲಿ ಯಾರ ಮಕ್ಕಳು ಯಾರು ಎಂಬುದು ತಾಯಿಯ ಕಡೆಯಿಂದಲೇ ಬರೆದಿರುತ್ತದೆ. ನಮ್ಮ ಕಡೆಯ ವಂಶಾವಳಿಗೆ ಇದರಷ್ಟು ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ. ಇದು ಆನ್‌ಲೈನ್‌ನಲ್ಲಿ ಸಿಗುತ್ತದೆಂದು ಕಾಯಬೇಡಿ. ನೋಂದಣಿ ಇಲಾಖೆಯ ಕಾವೇರಿ ತಾಣದ ಇಸಿ (ಋಣಭಾರ ಪ್ರಮಾಣಪತ್ರ) 2004ರಿಂದ ಈಚಿನ ನೋಂದಣಿಗಳಿಗೆ. 1950ರ ದಶಕದ ಪತ್ರಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವೆ ನಂಬ್ರ ಮತ್ತು ಅಂದಾಜು ವರ್ಷ ಕೊಟ್ಟು ಹುಡುಕಿಸಬೇಕು. ವರ್ಷಗಳ ವ್ಯಾಪ್ತಿ ಕಿರಿದಾದಷ್ಟು ಕೆಲಸ ಬೇಗ, ಅದನ್ನು ಕಿರಿದು ಮಾಡಿಕೊಡುವುದೇ ಭೂಮಿಯ ಉಪಕಾರ.

ಗೇಣಿ ಒಕ್ಕಲಾಗಿದ್ದ ಮನೆಗಳ ಹಾದಿ ಬೇರೆ. 1974ರ ಭೂಸುಧಾರಣೆಗೆ ಮುಂಚೆ ಅವರು ಉತ್ತ ಗದ್ದೆ ಧಣಿಗಳ ಹೆಸರಿನಲ್ಲಿತ್ತು. ‘ಡಿಕ್ಲರೇಶನ್‌ನಲ್ಲಿ ಬಂದ ಜಾಗ’ (ಒಕ್ಕಲಿನವರು ಅರ್ಜಿ ಕೊಟ್ಟು ಪಡೆದದ್ದು) ಎಂದು ಮನೆಯಲ್ಲಿ ಹೇಳುತ್ತಿದ್ದರೆ ಹುಡುಕಬೇಕಾದದ್ದು ಭೂ ನ್ಯಾಯಮಂಡಳಿಯ ಕಡತ. ನಮೂನೆ 7ರ ಅರ್ಜಿಯಲ್ಲಿ ಒಕ್ಕಲಿನವರ ಹೆಸರು, ಧಣಿಯ ಹೆಸರು, ಸರ್ವೆ ನಂಬ್ರ ಮೂರೂ ಇರುತ್ತವೆ. ಧಣಿಯ ಮನೆಯ ಗೇಣಿ ಲೆಕ್ಕದ ಪುಸ್ತಕ ಉಳಿದಿದ್ದರೆ ಇನ್ನೂ ಒಂದೆರಡು ತಲೆಮಾರು ಹಿಂದೆ ಹೋಗಬಹುದು.

ಭೂಮಿಗೆ ಒಂದು ಅಂಕ ಕಡಿಮೆ ಮಾಡಿದ್ದು ಯಾಕೆಂದರೆ ಅದರ ದಾಖಲೆ ಕಂಪ್ಯೂಟರೀಕರಣವಾದ 2000ದ ಆಸುಪಾಸಿನಿಂದ ಈಚಿನದು. ‘ಓಲ್ಡ್ ಇಯರ್’ ವಿಭಾಗ ಒತ್ತಿದರೂ ಅದರಾಚೆಗೆ ದಾರಿ ಇಲ್ಲ. ಕೈಬರಹದ ಆರ್‌ಟಿಸಿ, ಮದರಾಸು ಕಾಲದ ಅಡಂಗಲ್ (ಗ್ರಾಮದ ಜಮೀನು, ಬೆಳೆಯ ಲೆಕ್ಕ) ಎಲ್ಲ ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿವೆ. ‘ಭೂ ಸುರಕ್ಷಾ’ ಯೋಜನೆಯಲ್ಲಿ ಇಂಥ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲೂಕಿನದ್ದು ಮುಗಿದಿದೆಯೇ ಎಂದು ಮೊದಲು ವಿಚಾರಿಸಿಕೊಂಡು ಹೋಗಿ.

ಇನ್ನು ಫ್ಯಾಮಿಲಿಸರ್ಚ್. ಅಮೆರಿಕದ ಯೂಟಾದ ಎಲ್‌ಡಿಎಸ್ (ಮಾರ್ಮನ್) ಚರ್ಚ್ ನಡೆಸುವ ಈ ತಾಣ ಪೂರ್ತಿ ಉಚಿತ. ದಾಖಲೆ ಹುಡುಕಲು ಕರಾವಳಿಯವರಿಗೆ ಎರಡು ಅಂಕ, ಸಿಕ್ಕಿದ್ದನ್ನು ಜೋಡಿಸಿಡಲು ಮೂರೂವರೆ. ಹುಡುಕುವಾಗ ಹೆಸರಿಗಿಂತ ಊರಿನಿಂದ ಶುರು ಮಾಡುವುದು ಲೇಸು. 1956ರ ನವೆಂಬರ್ 1ಕ್ಕೆ ಮುಂಚಿನದಕ್ಕೆ ಕರ್ನಾಟಕದ ಕೆಳಗೆ ನೋಡಿ ಫಲವಿಲ್ಲ, ಆಗ ನಾವು ಮದರಾಸಿನ ಸೌತ್ ಕೆನರಾ. ಕೆಲವು ಚಿತ್ರಗಳ ಮೇಲೆ ಕ್ಯಾಮರಾದ ಜತೆ ಬೀಗದ ಕೈಯ ಗುರುತು ಇರುತ್ತದೆ. ಅವು ಮನೆಯಿಂದ ತೆರೆಯುವುದಿಲ್ಲ, ಅವರ ಕೇಂದ್ರಕ್ಕೇ ಹೋಗಬೇಕು.

ಅಲ್ಲಿನ ವಂಶವೃಕ್ಷ ಇಡೀ ಲೋಕಕ್ಕೆ ಒಂದೇ. ತೀರಿಹೋದವರ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. ನಮ್ಮಲ್ಲಿ ಮಾವನ ಹೆಸರನ್ನೇ ಅಳಿಯನಿಗೆ ಇಡುವ ರೂಢಿ ಇರುವುದರಿಂದ ಒಂದೇ ಮನೆಯಲ್ಲಿ ಇಬ್ಬರು ಸಂಕಪ್ಪ ಶೆಟ್ಟರು ಇದ್ದರೆ, ನೋಡಿದವರು ಒಬ್ಬರೇ ಎಂದುಕೊಂಡು ಸೇರಿಸಿಬಿಡುವ ಭಯ ಉಂಟು. ತಡೆಯಲು ಇರುವ ಉಪಾಯ, ಪ್ರತಿ ಹೆಸರಿಗೂ ಆಧಾರ ಲಗತ್ತಿಸಿ ‘ಇವರು ಇಂಥವರ ಮಾವ, ಬೇರೆ ವ್ಯಕ್ತಿ’ ಎಂದು ಟಿಪ್ಪಣಿ ಬರೆಯುವುದು. ‘ಇತರ ಹೆಸರು’ ಕಡೆ ಶೆಡ್ತಿ, ಶೆಟ್ಟಿ, ಪೂಜಾರ್ತಿ, ಪೂಜಾರಿ ಮೊದಲಾಗಿ ಕಾಗದಗಳಲ್ಲಿ ಕಂಡ ಎಲ್ಲ ರೂಪಗಳನ್ನೂ ಹಾಕಿ. ಬಳಿ ಅಥವಾ ಬರಿಗೆ (ತಾಯಿಯ ಕಡೆಯಿಂದ ಬರುವ, ಗೋತ್ರದಂಥ ಗುಂಪು) ಎಂದು ಬೇರೆ ಜಾಗವಿಲ್ಲ, ಅದನ್ನೂ ಟಿಪ್ಪಣಿಯಲ್ಲೇ ಬರೆಯಬೇಕು. ಚಿತ್ರ ತೆಗೆಯುವಾಗ ನಿಮ್ಮಿಂದ ಮೇಲಕ್ಕೆ ಹೋಗುವ ಬೀಸಣಿಗೆ ಚಿತ್ರ ಬೇಡ. ಗೊತ್ತಿರುವ ಅತಿ ಹಿರಿಯ ಅಜ್ಜಿಯ ಹೆಸರು ತೆರೆದು ಅವರಿಂದ ಕೆಳಕ್ಕೆ ನೋಡಿದರೆ ಕವರುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಯಾರೂ ಕೈಹಾಕಬಾರದು ಎನ್ನುವವರಿಗೆ ‘ಗ್ರಾಂಪ್ಸ್’ ಎಂಬ ಉಚಿತ ತಂತ್ರಾಂಶ ಒಳ್ಳೆಯದು. ಎಲ್ಲವೂ ಸ್ವಂತ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಬಳಿಗೆ ನಿಮ್ಮದೇ ಒಂದು ಅಂಕಣ ಸೇರಿಸಿಕೊಳ್ಳಬಹುದು.

ಮುಖ್ಯ ಚುನಾವಣಾಧಿಕಾರಿಯವರ ತಾಣದ 2002ರ ಮತದಾರರ ಪಟ್ಟಿ ಸಣ್ಣ ಕೆಲಸಕ್ಕೆ ಚೆನ್ನಾಗಿದೆ. ಮನೆ ನಂಬ್ರದ ಪ್ರಕಾರ ಇಡೀ ಮನೆಯವರು ವಯಸ್ಸಿನೊಂದಿಗೆ ಒಟ್ಟಿಗೆ ಸಿಗುತ್ತಾರೆ. ವಯಸ್ಸನ್ನು ಅಂದಾಜೆಂದೇ ತಿಳಿಯಿರಿ. ಕ್ಷೇತ್ರ ಆರಿಸುವಾಗ 2008ರ ಮರುವಿಂಗಡಣೆ ನೆನಪಿರಲಿ. ಈಗಿನ ಮಂಗಳೂರು ನಗರ ಉತ್ತರದ ಊರುಗಳಿಗೆ ಸುರತ್ಕಲ್ ನೋಡಬೇಕು. ಆಗ ಬ್ರಹ್ಮಾವರ, ವಿಟ್ಲ ಕ್ಷೇತ್ರಗಳೂ ಇದ್ದವು.

ಬಾಸೆಲ್ ಮಿಶನ್ ಆರ್ಕೈವ್ಸ್ (ಸ್ವಿಸ್ ಕ್ರೈಸ್ತ ಮಿಶನ್ನಿನ ದಾಖಲೆ ಸಂಗ್ರಹ) ಎಲ್ಲರಿಗೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನ ಸಭೆ, ಶಾಲೆ, ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳ ನಂಟಿದ್ದ ಮನೆಯವರಿಗೆ ಅದರ ಫೋಟೋ ಸಂಗ್ರಹ ನಿಧಿಯೇ ಸರಿ. ಚಿತ್ರಗಳಲ್ಲಿರುವ ಸ್ಥಳೀಯರ ಹೆಸರು ಹಲವು ಕಡೆ ಬರೆದಿಲ್ಲ, ಹಾಗಾಗಿ ವ್ಯಕ್ತಿಯ ಹೆಸರಿನಿಂದ ಹುಡುಕಿದರೆ ಕೈಗೆ ಬರುವುದು ಕಡಿಮೆ. ಊರು, ಕಾರ್ಖಾನೆ, ಶಾಲೆಯ ಹೆಸರಿನಿಂದ ಹುಡುಕಿ. ಶೀರ್ಷಿಕೆ ಜರ್ಮನ್‌ನಲ್ಲೂ ಇರುವುದರಿಂದ ಊರಿನ ಹಳೆಯ ಕಾಗುಣಿತಗಳನ್ನು ಒಂದೊಂದಾಗಿ ಹಾಕಿ ನೋಡಿ. ಸಿಕ್ಕಿದ ಚಿತ್ರದ ಉಲ್ಲೇಖ ಸಂಖ್ಯೆಯನ್ನು ಆಗಲೇ ಬರೆದಿಟ್ಟುಕೊಂಡು, ಮನೆಯಲ್ಲಿ ಎಂಬತ್ತು ದಾಟಿದವರು ಇರುವಾಗಲೇ ದೊಡ್ಡ ಪರದೆಯಲ್ಲಿ ತೋರಿಸಿ ಕೇಳಿ.