ಆನಂದವಾಡಿ ಅಖಾಡ: ಮೊದಲು ಮಣ್ಣು ನೋಡಿ, ಆಮೇಲೆ ಜೋಡಿ

ಬೆಳಗಾವಿಯಲ್ಲಿ ಕುಸ್ತಿ ಎಲ್ಲಿ ನೋಡಬೇಕು ಎಂದು ಕೇಳಿದರೆ ಆನಂದವಾಡಿ ಅಖಾಡದ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಸುತ್ತಲಿನ ಹಳ್ಳಿಗಳ ಜಾತ್ರೆ ಕುಸ್ತಿ ಬೇರೆ ಬಗೆಯದು. ಅಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ಮಣ್ಣು ಸುರಿದು, ಬೊಂಬು ಕಟ್ಟಿ, ಒಂದು ದಿನದ ಮಟ್ಟಿಗೆ ಕಣ ಮಾಡುತ್ತಾರೆ. ಹಿಂದಿನ ಸಾಲಿನವರು ಟ್ರ್ಯಾಕ್ಟರ್ ಏರಿ ನಿಂತರೇ ಏನಾದರೂ ಕಾಣುವುದು. ಆನಂದವಾಡಿ ಕುಸ್ತಿಗೆಂದೇ ಇರುವ ಜಾಗ. ನಡುವೆ ಕೆಮ್ಮಣ್ಣಿನ ಕಣ, ಸುತ್ತ ಕೂಡಲು ಮೆಟ್ಟಿಲು. ನೋಡುವವರ ಕಣ್ಣು ಪೈಲವಾನರ ಬೆನ್ನಿಗಿಂತ ಮೇಲಿರುತ್ತದೆ. ಯಾರು ಚಿತ್ ಆದರು, ಅಂದರೆ ಬೆನ್ನು ಮಣ್ಣಿಗೆ ತಾಗಿ ಸೋತರು, ಯಾರು ತಪ್ಪಿಸಿಕೊಂಡರು ಎಂಬುದು ಪಂಚರು ಕೈ ಎತ್ತುವ ಮೊದಲೇ ತಿಳಿಯಬೇಕಾದರೆ ಈ ಎತ್ತರ ಬೇಕೇ ಬೇಕು.

ಈ ಬಗೆಯ ಕಣಕ್ಕೆ ನಮ್ಮ ಸೀಮೆಯಲ್ಲಿ ದೊಡ್ಡ ಮಾದರಿ ಎಂದರೆ ಕೊಲ್ಲಾಪುರದ ಖಾಸಬಾಗ್ ಮೈದಾನ. ಶಾಹು ಮಹಾರಾಜರು ಕಟ್ಟಿಸಿದ ಆ ಮೈದಾನ 1912ರಲ್ಲಿ ಪೂರ್ಣವಾಯಿತು. ಗುಂಡಗಿನ ಬಯಲು, ನಟ್ಟ ನಡುವೆ ಕಣ, ಯಾರ ತಲೆಯೂ ಯಾರಿಗೂ ಅಡ್ಡ ಬರದ ಹಾಗೆ ಸುತ್ತ ಕೂಡುವ ಜಾಗ. ಬೆಳಗಾವಿಯೂ 1956ರವರೆಗೆ ಮುಂಬೈ ರಾಜ್ಯದಲ್ಲೇ ಇದ್ದದ್ದರಿಂದ ಕುಸ್ತಿಯ ಕೊಡುಕೊಳ್ಳುವಿಕೆ ಎಂದೂ ನಿಂತಿಲ್ಲ. ವಸ್ತಾದ (ಗುರು), ತಾಲೀಮು (ಕುಸ್ತಿ ಅಭ್ಯಾಸ, ಅದರ ಮನೆ), ಖುರಾಕು (ಪೈಲವಾನರ ಆಹಾರ), ಏಕಲಂಗಿ, ಘಿಸ್ಸಾ (ಕುಸ್ತಿಯ ಪಟ್ಟುಗಳು) ಎನ್ನುವ ಮಾತುಗಳು ಎರಡೂ ಊರಿಗೆ ಸೇರಿದವು. ಇಂದಿಗೂ ಇಲ್ಲಿನ ದೊಡ್ಡ ಕುಸ್ತಿಗೆ ಕೊಲ್ಲಾಪುರದ ಜೋಡಿ ಇಲ್ಲದಿದ್ದರೆ ಕರಪತ್ರ ಕಳೆಗಟ್ಟುವುದಿಲ್ಲ.

ಇನ್ನು ಮಣ್ಣು. ಕಣದ ಯೋಗ್ಯತೆ ಅಳೆಯಬೇಕಾದದ್ದು ಇಲ್ಲಿಯೇ. ಬೈಲಹೊಂಗಲ, ಅಥಣಿ ಕಡೆಯ ಎರೆಮಣ್ಣು ಕಣಕ್ಕೆ ನಡೆಯುವುದಿಲ್ಲ. ನೀರು ಬಿದ್ದರೆ ಅಂಟುತ್ತದೆ, ಒಣಗಿದರೆ ಹೆಂಟೆಗಟ್ಟಿ ಬಿರಿಯುತ್ತದೆ. ಬೇಕಾದದ್ದು ಕೆಮ್ಮಣ್ಣು, ಅದೂ ಎರಡು ಸಲ ಜರಡಿ ಹಿಡಿದದ್ದು. 20 ಅಡಿ ಉದ್ದಗಲದ ತಾಲೀಮಿನ ಕಣಕ್ಕೆ ಒಂದಡಿ ದಪ್ಪ ಮಣ್ಣು ಹಾಕಲು 4 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಸಾಕು. ಪಂದ್ಯಕ್ಕೆಂದು 40 ಅಡಿ ಅಡ್ಡಳತೆಯ ಗುಂಡು ಕಣ ಮಾಡಿದರೆ ಅದೇ ದಪ್ಪಕ್ಕೆ ಹನ್ನೆರಡೂವರೆ ಬ್ರಾಸ್ ಬೇಕು. ಜರಡಿಯಲ್ಲಿ ಹೋಗುವ ಕಲ್ಲು, ಹೊಸ ಮಣ್ಣು ತುಳಿತಕ್ಕೆ ತಗ್ಗುವುದು, ಎರಡನ್ನೂ ನೆನಪಿಟ್ಟು ಒಂದೆರಡು ಬ್ರಾಸ್ ಹೆಚ್ಚೇ ತರಿಸುವುದು ಒಳ್ಳೆಯದು. ಈ ಮಣ್ಣಿಗೆ ಅರಿಸಿನ, ಎಣ್ಣೆ, ಮಜ್ಜಿಗೆ, ನಿಂಬೆರಸ, ಕಾವಿ ಬೆರೆಸಿ, ಕೆಲವು ದಿನ ಮಗುಚಿ ಮಗುಚಿ ಹದಕ್ಕೆ ತರುತ್ತಾರೆ.

ಹದ ನೋಡುವ ರೀತಿ ಸರಳ. ಒಂದು ಮುಷ್ಟಿ ಮಣ್ಣು ತೆಗೆದು ಬಿಗಿಯಾಗಿ ಹಿಸುಕಿ. ಬೆರಳಿನ ಗುರುತು ಉಳಿದು ಉಂಡೆಯಾಗಬೇಕು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಉದುರಬೇಕು. ಉಂಡೆಯೇ ಆಗದಿದ್ದರೆ ಮಣ್ಣು ಒಣಗಿದೆ. ಆಗ ಧೂಳು ಕಣ್ಣಿಗೆ ಹೋಗುತ್ತದೆ, ಮೊಣಕೈ ಮೊಣಕಾಲು ತರಚುತ್ತವೆ. ಒತ್ತಿದರೂ ಉಂಡೆ ಒಡೆಯದೆ ಅಂಗೈಗೆ ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ. ಕಾಲು ಹೂಳುತ್ತದೆ, ತಿರುಗುವಾಗ ಮಂಡಿ ಸಿಕ್ಕಿಬಿದ್ದು ಉಳುಕುತ್ತದೆ. ಎಣ್ಣೆ ಅತಿಯಾದರೆ ಮೈ ಜಾರಿ ಹಿಡಿತವೇ ಸಿಗದು. ಪೈಲವಾನರು ಆಟದ ನಡುವೆ ಬಗ್ಗಿ ಹಿಡಿ ಮಣ್ಣು ತೆಗೆದು ಎದುರಾಳಿಯ ಕತ್ತಿಗೆ, ತೋಳಿಗೆ ಉಜ್ಜುವುದು ಬೆವರು ಹೀರಿ ಹಿಡಿತ ಸಿಗಲೆಂದು. ಅದನ್ನು ತಕರಾರು ಎಂದು ತಿಳಿಯಬೇಡಿ.

ಆದರೆ ಸಂಘಟಕರು ಎಲ್ಲ ಕಡೆಯೂ ಮರೆಯುವ ಕೆಲಸ ಒಂದಿದೆ: ನಡುವೆ ಮಣ್ಣು ಅಗೆಯುವುದು. ಬೆಳಿಗ್ಗೆ ಗುದ್ದಲಿಯಿಂದ ಅಗೆದು, ಹಲಗೆ ಎಳೆದು ಸಮ ಮಾಡಿದ ಕಣ ಇಪ್ಪತ್ತು ಮೂವತ್ತು ಕುಸ್ತಿ ಆಗುವಷ್ಟರಲ್ಲಿ ತುಳಿತಕ್ಕೆ ಗಟ್ಟಿಯಾಗಿರುತ್ತದೆ. ಮಕ್ಕಳ ಕುಸ್ತಿ ಮೊದಲು, ಭಾರದ ಜೋಡಿ ಕೊನೆಗೆ. ಹೀಗಾಗಿ ನೂರು ಕಿಲೋ ಆಳು ಎತ್ತಿ ಒಗೆಸಿಕೊಳ್ಳುವುದು ಅತಿ ಗಟ್ಟಿಯಾದ ನೆಲದ ಮೇಲೆ. ಭುಜ ಕಳಚುವುದು ಆಗಲೇ. ದೊಡ್ಡ ಜೋಡಿ ಬಿಡುವ ಮುನ್ನ ಹತ್ತು ನಿಮಿಷ ನಿಲ್ಲಿಸಿ ಕಣ ಅಗೆಸಿದರೆ ಅಂದಿನ ಮೈದಾನ ಬಲ್ಲವರ ಕೈಯಲ್ಲಿದೆ ಎಂದು ತಿಳಿಯಿರಿ. ಕಣದ ಮೇಲೆಯೇ ಸನ್ಮಾನದ ವೇದಿಕೆ ಹಾಕುವುದಂತೂ ಬೇಡವೇ ಬೇಡ. ಒಂದು ಮೊಳೆ ಮಣ್ಣಿನಲ್ಲಿ ಉಳಿದರೆ ಯಾರದೋ ಬೆನ್ನು ಸೀಳುತ್ತದೆ.

ಎಲ್ಲಿ ಕೂಡಬೇಕು? ಕುಸ್ತಿ ಮಧ್ಯಾಹ್ನ ಶುರುವಾದರೆ ಪಡುವಣ ಬದಿ ಹಿಡಿಯಿರಿ, ಬಿಸಿಲು ಬೆನ್ನಿಗಿರುತ್ತದೆ. ಎಲ್ಲಕ್ಕೂ ಮುಂದಿನ ಸಾಲು ಬೇಡ. ಸಂಘಟಕರು, ಫೋಟೊದವರು, ಮೊಬೈಲ್ ಎತ್ತಿದವರು ಎದುರಿಗೇ ನಿಲ್ಲುತ್ತಾರೆ. ನಾಲ್ಕೈದು ಮೆಟ್ಟಿಲು ಮೇಲೆ ಸರಿಯಾದ ಜಾಗ. ಕೆಳಗೆ ಬಿದ್ದವನು ತಲೆ ಊರಿ, ಮೈ ಬಿಲ್ಲಿನಂತೆ ಬಾಗಿಸಿ, ಒಂದು ಭುಜವನ್ನು ನೆಲದಿಂದ ನಾಲ್ಕು ಬೆರಳು ಮೇಲೆ ತಡೆದು ಹಿಡಿಯುವ ಕ್ಷಣ ಅಲ್ಲಿಂದ ಸ್ಪಷ್ಟ ಕಾಣುತ್ತದೆ. ಕತ್ತಿನ ನರ ಉಬ್ಬಿರುತ್ತದೆ, ಹಲಗಿ ವಾದ್ಯದ ಬಡಿತ ಜೋರಾಗುತ್ತದೆ, ಭುಜ ಮಣ್ಣಿಗೆ ತಾಗಿತೆಂದರೆ ಮುಗಿಯಿತು. ಇದೊಂದಕ್ಕಾಗಿ ನಾಲ್ಕು ತಾಸು ಕೂಡಬಹುದು. ಮಡಚಿದ ಟವೆಲ್ ಒಯ್ಯಿರಿ, ಮೆಟ್ಟಿಲು ಕಾದಿರುತ್ತದೆ.

ಸಮಯದ ವಿಷಯದಲ್ಲಿ ಮಾತ್ರ ಪೂರ್ತಿ ಅಂಕ ಕೊಡಲಾಗದು. ಮ್ಯಾಟ್ ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು, ಅಷ್ಟರಲ್ಲಿ ತೀರ್ಮಾನ. ಮಣ್ಣಿನ ಕುಸ್ತಿ ಚಿತ್ ಆಗುವವರೆಗೆ ಎಂಬುದು ಹಳೆಯ ರೂಢಿ. ಸಮಬಲದ ಜೋಡಿ ಕತ್ತಿಗೆ ಕೈ ಹಾಕಿ ಅರ್ಧ ತಾಸು ತಳ್ಳಾಡಿದ್ದೂ ಉಂಟು. ಇಷ್ಟು ನಿಮಿಷದ ಮೇಲೆ ಅಂಕದ ಮೇಲೆ ತೀರ್ಪು ಎಂದು ಮೈಕಿನಲ್ಲಿ ಮೊದಲೇ ಸಾರಿದರೆ ಜಗಳವಿಲ್ಲ. ನಡುವೆ ಸಾರಿದರೆ ಗಲಾಟೆ ಖಂಡಿತ. ಸತ್ಕಾರದ ಫೇಟಾ (ರುಮಾಲು), ಹಾರಗಳಿಗೆ ಹೋಗುವ ವೇಳೆ ಕಡಿಮೆ ಮಾಡಿದರೆ ಮುಖ್ಯ ಕುಸ್ತಿ ರಾತ್ರಿ ದೂರದ ಹಳ್ಳಿಯವರು ಎದ್ದು ಹೋಗುವ ಹೊತ್ತಿಗೆ ಬೀಳುವುದಿಲ್ಲ.

ಮ್ಯಾಟ್ ಬಂದ ಮೇಲೆ ಮಣ್ಣು ಯಾಕೆ ಎನ್ನುವವರಿದ್ದಾರೆ. ಕರಾಡ ಸೀಮೆಯ ಖಾಶಾಬಾ ಜಾಧವ ಮಣ್ಣಿನಲ್ಲೇ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು, 1952ರ ಹೆಲ್ಸಿಂಕಿಯಲ್ಲಿ ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಅದು. ಮಣ್ಣು ಸೊಂಟಕ್ಕೂ ಕತ್ತಿಗೂ ಬಲ ಕೊಡುತ್ತದೆ, ಮ್ಯಾಟ್ ವೇಗ ಕಲಿಸುತ್ತದೆ. ತಾಲೀಮಿನ ಹುಡುಗರಿಗೆ ಎರಡೂ ಬೇಕು.

ಮಳೆಗಾಲದಲ್ಲಿ ಇಲ್ಲಿಗೆ ಕುಸ್ತಿ ಹುಡುಕಿಕೊಂಡು ಬರಬೇಡಿ. ಬೆಳಗಾವಿಯ ಜಡಿಮಳೆಗೆ ತೆರೆದ ಕಣ ನಿಲ್ಲದು. ದೀಪಾವಳಿ ಕಳೆದ ಮೇಲೆ ಪೇಟೆಯ ಗೋಡೆಗಳ ಕರಪತ್ರ ನೋಡುತ್ತಿರಿ. ಜೋಡಿಗಳ ಹೆಸರಿನ ಕೆಳಗೆ ನಿಕಾಲಿ, ಅಂದರೆ ಸೋಲು ಗೆಲುವು ತೀರ್ಮಾನವಾಗುವವರೆಗಿನ ಕುಸ್ತಿ, ಎಂದು ಅಚ್ಚಾಗಿದ್ದರೆ ಸಂಜೆಯ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಒಂದು ತಾಸು ಮೊದಲೇ ಹೋದರೆ ಕಣಕ್ಕೆ ನೀರು ಚಿಮುಕಿಸುವುದು, ತೆಂಗಿನಕಾಯಿ ಒಡೆದು ಪೂಜೆ ಮಾಡುವುದು ಕಾಣಲು ಸಿಗುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಕಣದ ಅಂಚಿಗೆ ಬಂದು, ಕೇಳಿಕೊಂಡು, ಒಂದು ಮುಷ್ಟಿ ಮಣ್ಣು ಹಿಸುಕಿ ನೋಡಿ.